ಮೆಟ್ಕಾಫರ ಕಾರೂ ಹನ್ನೊಂದು ಸುರುಳಿ ಪ್ಲಾಸ್ಟರೂ

ಗಿಲ್‌ಬೆಕ್ ಊರಿನ ಕ್ಲಿಫರ್ಡ್ ಮೆಟ್ಕಾಫರಿಗೆ ಎದೆಯುಬ್ಬಿಸಿ ಹೇಳಿಕೊಳ್ಳುವಂಥದ್ದು ಬದುಕಿನಲ್ಲಿ ಹೆಚ್ಚೇನೂ ಇರಲಿಲ್ಲ. ಕೌಂಟಿ ಕಚೇರಿಯ ಕಾಲುದಾರಿ ವಿಭಾಗದಲ್ಲಿ ಮೂವತ್ತೆಂಟು ವರ್ಷ ಕುಳಿತು, ಯಾವ ಕುರಿಗಾವಲಿಗೆ ಎಷ್ಟು ಗೇಟು ಎಂದು ನಕ್ಷೆಯ ಮೇಲೆ ಚುಕ್ಕೆ ಇಟ್ಟು ನಿವೃತ್ತರಾದವರು. ಅವರ ಹಿತ್ತಲಿನ ಕೋಸನ್ನು ಪ್ರತಿ ವರ್ಷವೂ ಅವರಿಗಿಂತ ಮೊದಲು ಬಸವನಹುಳುಗಳೇ ತಿಂದು ಮುಗಿಸುತ್ತಿದ್ದವು. ಚರ್ಚಿನ ಗಾಯನ ಮೇಳದಲ್ಲಿ ಅವರನ್ನು ಹಿಂದಿನ ಸಾಲಿನಲ್ಲಿ ಕಂಬದ ಮರೆಗೆ ನಿಲ್ಲಿಸಿ, ಬಾಯಿ ಆಡಿಸಿದರೆ ಸಾಕು ಎಂದು ಬಹಳ ವಿನಯದಿಂದ ತಿಳಿಸಲಾಗಿತ್ತು. ಆದರೆ ಅವರಲ್ಲಿ ಒಂದು ಕಾರಿತ್ತು.

ಅದು ೧೯೬೬ರ ಮಾರಿಸ್ ಮೈನರ್. ಊರೂರು ತಿರುಗಿ ಹೆರಿಗೆ, ಬಾಣಂತನ, ಗಾಯ, ಜ್ವರ ನೋಡುತ್ತಿದ್ದ ಸಿಸ್ಟರ್ ಹೆಸ್ಟರ್ ಕಾಪ್ಲಿ ನಿವೃತ್ತರಾದ ವರ್ಷ ಅವರಿಂದಲೇ ಕೊಂಡದ್ದು. ಆ ಜಾತಿಯ ಕಾರುಗಳಿಗೆ ವಯಸ್ಸಾದಂತೆ ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿದು ಉದುರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಅವುಗಳ ಪಾಲಿಗೆ ಯಮ. ಉಳಿದವರೆಲ್ಲ ಹತ್ತು ವರ್ಷಕ್ಕೊಮ್ಮೆ ಹೊಸ ತಗಡು ಹಾಕಿ ವೆಲ್ಡಿಂಗ್ ಮಾಡಿಸುತ್ತಾರೆ. ಮೆಟ್ಕಾಫರ ಕಾರಿಗೆ ಮಾತ್ರ ಮೂವತ್ತೈದು ವರ್ಷದಲ್ಲಿ ಒಂದು ಚಿಟಿಕೆ ವೆಲ್ಡಿಂಗ್ ಬಿದ್ದಿರಲಿಲ್ಲ. ಈ ವಿಷಯದ ಮೇಲೆ ಅವರು ಪ್ರತಿ ಫೆಬ್ರುವರಿಯಲ್ಲಿ ಊರಿನ ಸಭಾಭವನದಲ್ಲಿ ಚಿತ್ರಸಹಿತ ಉಪನ್ಯಾಸ ಕೊಡುತ್ತಿದ್ದರು. ಉಪನ್ಯಾಸದ ನಂತರ ಚಹಾ ಮತ್ತು ನಿಂಬೆ ಕೇಕು ಇರುತ್ತಿದ್ದುದರಿಂದ ಜನ ಬರುತ್ತಿದ್ದರು. ಹಳೇ ಕಾರಿನ ಸಂಘದವರು ‘ಅತ್ಯಂತ ಅಸಲಿ ಕಾರು’ ಎಂದು ಬೆಳ್ಳಿಬಣ್ಣದ ಕಪ್ಪನ್ನೂ ಕೊಟ್ಟಿದ್ದರು. ಅದರಲ್ಲಿ ಅವರ ಹೆಂಡತಿ ಡೋರೀನ್ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪುಗಳನ್ನು ಇಟ್ಟಿದ್ದರು.

ಹೀಗಿರುವಾಗ ಸಿಸ್ಟರ್ ಕಾಪ್ಲಿಯವರಿಗೆ ತೊಂಬತ್ತೈದು ತುಂಬುವ ಕಾಲ ಬಂತು. ಆಕೆ ಈಗ ಊರಂಚಿನ ವೃದ್ಧಾಶ್ರಮದಲ್ಲಿದ್ದರು. ಹುಟ್ಟುಹಬ್ಬಕ್ಕೆ ಏನು ಬೇಕು ಎಂದು ಕೇಳಿದ್ದಕ್ಕೆ, “ಕೇಕು ಬೇಡ, ಹಾಡು ಬೇಡ. ನನ್ನ ಹಳೇ ಕಾರಲ್ಲಿ ಗುಡ್ಡದ ಮೇಲಿನ ದಾರೀಲಿ ಒಂದು ಸುತ್ತು. ಅಷ್ಟೇ,” ಅಂದಿದ್ದರು. ಮೆಟ್ಕಾಫರು ಈ ಸುದ್ದಿ ಕೇಳಿ ಕಣ್ಣೊರೆಸಿಕೊಂಡು, ಸೋಮವಾರ ಬೆಳಗ್ಗೆಯೇ ಆಶ್ರಮದ ಮೇಲ್ವಿಚಾರಕಿ ಮಿಸೆಸ್ ಟೆನೆಂಟರ ಮುಂದೆ ಹಾಜರಾದರು.

“ಶನಿವಾರ ಹತ್ತು ಗಂಟೆಗೆ ಕಾರು ತರ್ತೀನಿ.”

“ಸಂತೋಷ. ಕಾರಿನ ಪರೀಕ್ಷೆ ಪಾಸಾದ ಕಾಗದ ಒಂದು ಕೊಡಿ, ಫೈಲಿಗೆ ಹಾಕ್ಕೋತೀನಿ.”

“ಅದಕ್ಕೆ ಪರೀಕ್ಷೆಯಿಂದ ವಿನಾಯ್ತಿ ಇದೆ. ನಲವತ್ತು ವರ್ಷ ದಾಟಿದ ಕಾರಿಗೆ ವರ್ಷವರ್ಷ ಪರೀಕ್ಷೆ ಬೇಡ ಅಂತ ಕಾನೂನೇ ಇದೆ.”

“ಕಾನೂನು ಸರಿ. ನನಗೆ ಕಾಗದ ಬೇಕು.”

“ವಿನಾಯ್ತಿ ಅಂದ್ರೆ ಕಾಗದ ಇಲ್ಲ ಅಂತಲೇ ಅರ್ಥ, ಮಿಸೆಸ್ ಟೆನೆಂಟ್.”

“ನನ್ನ ಹತ್ರ ಇರೋರೆಲ್ಲ ತೊಂಬತ್ತು ದಾಟಿದೋರು, ಮೆಟ್ಕಾಫ್ ಅವರೇ. ವಯಸ್ಸಾಯ್ತು ಅಂತ ನಾನು ಯಾರಿಗೂ ಪರೀಕ್ಷೆ ಬಿಟ್ಟಿಲ್ಲ. ವಯಸ್ಸಾದ ಮೇಲೇ ಜಾಸ್ತಿ ಮಾಡಿಸ್ತೀನಿ.”

ಇಲ್ಲಿ ಮೆಟ್ಕಾಫರು ಹೇಗಾದರೂ ಬೇಡಿಕೊಂಡು ಒಪ್ಪಿಸಬಹುದಿತ್ತು. ಆದರೆ ಮಾತು ಕಾರಿನ ಮಾನಕ್ಕೆ ಬಂದಿತ್ತು. “ಒಂದಲ್ಲ, ಎರಡು ಪ್ರತಿ ಕಾಗದ ತಂದುಕೊಡ್ತೀನಿ,” ಎಂದು ಟೋಪಿ ಹಾಕಿಕೊಂಡು ಹೊರಟರು. ಕಾನೂನು ಬೇಡವೆಂದ ಪರೀಕ್ಷೆಯನ್ನು ತಾನಾಗಿ ಕೇಳಿಕೊಂಡು ಹೋಗುವ ಮನುಷ್ಯ ನಮ್ಮ ಕಣಿವೆಯಲ್ಲಿ ಅವರೊಬ್ಬರೇ ಇರಬೇಕು.

ಊರಿನ ಗ್ಯಾರೇಜು ಸಗ್ಡನ್ ಮನೆತನದ್ದು. ಹಿಂದೆ ಪರೀಕ್ಷೆ ಮಾಡುತ್ತಿದ್ದ ದೊಡ್ಡ ಸಗ್ಡನ್ ಬದುಕಿರುವ ತನಕ ವರ್ಷಕ್ಕೊಮ್ಮೆ ಟಯರಿಗೆ ಒಂದು ಒದೆ ಕೊಟ್ಟು, ಮೆಟ್ಕಾಫರ ಜೊತೆ ಎರಡು ಕಪ್ ಚಹಾ ಕುಡಿದು, ಪಾಸು ಬರೆದುಕೊಡುತ್ತಿದ್ದರು. ಈಗಿರುವುದು ಅವರ ಮಗ ಆ್ಯಂಡ್ರೂ. ಇವನು ಪರೀಕ್ಷೆಯ ಹೊತ್ತಿನಲ್ಲಿ ಚಹಾ ಮುಟ್ಟುವುದಿಲ್ಲ.

“ಇದಕ್ಕೆ ಪರೀಕ್ಷೆ ಬೇಕಾಗಿಲ್ವಲ್ಲ, ಮೆಟ್ಕಾಫ್ ಅವರೇ. ಸರ್ಕಾರವೇ ಬಿಟ್ಟಿರೋದನ್ನ ನೀವ್ಯಾಕೆ ಎಳ್ಕೊಂಡು ಬರ್ತೀರಿ?”

“ಪರೀಕ್ಷೆ ಅಂದ್ರೆ ಹೆದರೋ ಜನ ಬೇರೆ ಕಣಪ್ಪ.”

“ಯೋಚನೆ ಮಾಡಿ. ಒಂದ್ಸಲ ಕಂಪ್ಯೂಟರಿಗೆ ಹತ್ತಿಸಿದ್ರೆ ಪಾಸೋ ಫೇಲೋ, ನಂಬರ್ ಹಾಕಿ ನೋಡಿದೋರಿಗೆಲ್ಲ ಕಾಣುತ್ತೆ. ದೇಶಕ್ಕೇ ಕಾಣುತ್ತೆ.”

“ಕಾಣ್ಲಿ! ದೇಶ ನೋಡ್ಲಿ!”

ದೇಶ ನೋಡಿತು.

ಆ್ಯಂಡ್ರೂ ಕಾರನ್ನು ಮೇಲೆತ್ತಿ, ಕೆಳಗೆ ನಿಂತು, ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಹೊರಟ. ಬಲಗಡೆ ಟಣ್ ಟಣ್ ಎಂದಿತು. ಮೆಟ್ಕಾಫರು ಸಂಗೀತ ಕೇಳಿದವರಂತೆ ತಲೆದೂಗಿದರು. ಎಡಗಡೆ ದಬ್ ದಬ್ ಎಂದಿತು.

“ಇದು ಕಬ್ಬಿಣದ ಸದ್ದಲ್ಲ,” ಅಂದ ಆ್ಯಂಡ್ರೂ.

“ಅಲ್ಲಿ ಕಬ್ಬಿಣ ಸ್ವಲ್ಪ ದಪ್ಪ.”

ಆ್ಯಂಡ್ರೂ ಮೇಲಿನ ಕರೀ ಡಾಂಬರು ಬಣ್ಣವನ್ನು ಕೆರೆದ. ಒಂದು ಚಕ್ಕೆ ಬಿತ್ತು. ಹಿಂದೆಯೇ ಅವನ ಮುಖದ ಮೇಲೆ ಬಿಳೀ ಪುಡಿ ಸುರಿಯಿತು. ಅವನು ಉಗುಳಿ, ಕಣ್ಣೊರೆಸಿಕೊಂಡು, ದೀಪ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಕೊನೆಗೆ, ಮನೆಯವರಿಗೆ ಕೆಟ್ಟ ಸುದ್ದಿ ತಿಳಿಸುವ ವೈದ್ಯರ ದನಿಯಲ್ಲಿ ಅಂದ:

“ಮೆಟ್ಕಾಫ್ ಅವರೇ, ಇಲ್ಲಿ ತಗಡೇ ಇಲ್ಲ. ಇರೋದು ಪ್ಲಾಸ್ಟರ್ ಕಟ್ಟು. ಕೈಕಾಲು ಮುರಿದೋರಿಗೆ ಹಾಕ್ತಾರಲ್ಲ, ಅದು. ಮುಂದಿನ ಚಕ್ರದಿಂದ ಹಿಂದಿನ ಚಕ್ರದ ತನಕ. ಹತ್ತು ಹನ್ನೊಂದು ಸುರುಳಿ ಆದ್ರೂ ಆಗಿರುತ್ತೆ.”

ಮೆಟ್ಕಾಫರು ಬಗ್ಗಿ ನೋಡಿದರು. ಪ್ಲಾಸ್ಟರಿನ ಪಟ್ಟಿ ಒಂದರ ಮೇಲೊಂದು ಸರಿಯಾಗಿ ಅರ್ಧರ್ಧ ಏರಿತ್ತು, ಕೊನೆಯ ತುದಿಯನ್ನು ಲಕೋಟೆಯ ಹಾಗೆ ಮೂಲೆ ಮಡಚಿ ಒಳಗೆ ಸೇರಿಸಲಾಗಿತ್ತು. ಆ ಮಡಿಕೆಯನ್ನು ಅವರು ಹಿಂದೊಮ್ಮೆ ಆರು ವಾರ ಹಗಲೂ ಇರುಳೂ ನೋಡಿದ್ದರು. ಹಿಮ ಬಿದ್ದು ದಾರಿ ಮುಚ್ಚಿದ್ದ ಒಂದು ವರ್ಷ ಬೇಲಿ ದಾಟುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡಾಗ, ಆಸ್ಪತ್ರೆಗೆ ಹೋಗುವ ಹಾಗಿಲ್ಲವೆಂದು ಸಿಸ್ಟರ್ ಕಾಪ್ಲಿ ಅಡುಗೆಮನೆಯಲ್ಲೇ ಕೂರಿಸಿ ಕಟ್ಟು ಹಾಕಿದ್ದರು. ಇದೇ ಮಡಿಕೆ.

“ಯಾರ್ರೀ ಮಾಡಿದ್ದು ಇದನ್ನ?” ಆ್ಯಂಡ್ರೂಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಇದು ಮೋಸ ಅಲ್ವಾ? ಮೇಲೆ ಬಣ್ಣ ಬೇರೆ ಬಳಿದಿದಾರೆ!”

ಸಿಸ್ಟರ್ ಕಾಪ್ಲಿ ಯಾರಿಗೂ ಸುಳ್ಳು ಹೇಳಿದ್ದು ಊರು ಕಂಡಿಲ್ಲ. ಈ ಆ್ಯಂಡ್ರೂವೂ ಸೇರಿ ಊರಿನ ಅರ್ಧ ಜನ ಈ ಲೋಕಕ್ಕೆ ಬಂದದ್ದು ಆಕೆಯ ಕೈಗೆ. ಶನಿವಾರ ಅವರ ತೊಂಬತ್ತೈದನೇ ಹುಟ್ಟುಹಬ್ಬ.

“ನಾನೇ,” ಅಂದರು ಮೆಟ್ಕಾಫರು.

“ನೀವಾ!”

“ನಾನೇ ಕಣಪ್ಪ. ಬಿಡುವಾದಾಗ.”

ಮರುದಿನ ಬೆಳಗ್ಗೆ ಅಂಚೆ ಕಚೇರಿಯ ಸಾಲಿನಲ್ಲಿ ಪಕ್ಕದ ಮನೆಯ ಬೆರಿಲ್ ಆಲ್ಡರ್ಸನ್ ಫೋನು ಹಿಡಿದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರು: “ಅಪಾಯಕಾರಿ ಒಂದು. ದೊಡ್ಡ ದೋಷ ನಾಲ್ಕು. ಗಮನಿಸತಕ್ಕದ್ದು ಹನ್ನೊಂದು. ಬ್ರೇಕು ಹಾಕಿದ್ರೆ ಎಡಕ್ಕೆ ಎಳೆಯುತ್ತೆ. ಮುಂದಿನ ಬಲಚಕ್ರದ ಕೀಲು ಸವೆದಿದೆ, ಕಳಚೋ ಸಂಭವ. ಎಂಜಿನ್ ಎಣ್ಣೆ ಸೋರುತ್ತೆ. ಎಡಗಡೆ ತಗಡಿನ ಬದಲು ವೈದ್ಯಕೀಯ ಪ್ಲಾಸ್ಟರ್! ಕೇಳಿದ್ರಾ? ವೈದ್ಯಕೀಯ!”

ಸಾಲು ಮುಂದೆ ಸರಿಯುವುದನ್ನೇ ಮರೆಯಿತು. ಆ ಕಾರಿನಲ್ಲಿ ಎಂದೋ ಕುಳಿತವರಿಗೆಲ್ಲ ಆ ಕ್ಷಣಕ್ಕೆ ಜೀವಭಯ ಶುರುವಾಯಿತು.

“ಅಯ್ಯೋ ದೇವ್ರೇ, ಮೂರು ವರ್ಷ ಮಂಗಳವಾರ ಮಂಗಳವಾರ ಅದ್ರಲ್ಲಿ ಹಾಸ್ ಊರಿನ ಸಂತೆಗೆ ಹೋಗಿದೀನಿ. ಎಡಗಡೇನೇ ಕೂತಿದ್ದೆ!”

“ನನ್ನ ಸೊಂಟನೋವು ಎಲ್ಲಿಂದ ಬಂತು ಅಂತ ಇವತ್ತು ಗೊತ್ತಾಯ್ತು ನೋಡಿ.”

“ವೆಲ್ಡಿಂಗ್ ಇಲ್ಲ, ವೆಲ್ಡಿಂಗ್ ಇಲ್ಲ ಅಂತ ವರ್ಷ ವರ್ಷ ಭಾಷಣ ಬಿಗೀತಿದ್ನಲ್ಲ! ಹೌದು ಮಾರಾಯ, ವೆಲ್ಡಿಂಗ್ ಇರಲಿಲ್ಲ!”

ಆದರೆ ನಮ್ಮ ಕಣಿವೆಯ ಜನಕ್ಕೆ ಬಹಳ ಹೊತ್ತು ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಲು ಬರುವುದಿಲ್ಲ. ಎಪ್ಪತ್ತು ದಾಟಿದ ಗಂಡಸು, ಸಮಾಧಾನಕ್ಕೆ ಇದ್ದದ್ದು ಅದೊಂದೇ, ಪಾಪ, ಮಾನ ಉಳಿಸಿಕೊಳ್ಳಲು ಗುಟ್ಟಾಗಿ ಪ್ಲಾಸ್ಟರ್ ಮೆತ್ತಿದ್ದಾನೆ ಎಂದು ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕರುಳೂ ಚುರ್ರೆಂದಿತು. ಸಾವಾದ ಮನೆಗೆ ಕಳಿಸುವಂತೆ ಮೆಟ್ಕಾಫರ ಮನೆಗೆ ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿದ ಪೈಗಳು ಬರತೊಡಗಿದವು. ಸಂಜೆಗೆ ಐದು ಮಾಂಸದ ಪೈ, ಎರಡು ಸೇಬಿನ ಪೈ, ಒಂದು ಮೀನಿನದು. ತಂದವರೆಲ್ಲ ಬಾಗಿಲಲ್ಲೇ ನಿಂತು, ದನಿ ತಗ್ಗಿಸಿ, “ಧೈರ್ಯ ತಂದ್ಕೊಳ್ಳಿ,” ಎಂದು ಮೊಣಕೈ ಮುಟ್ಟಿ ಹೋದರು.

ಹಳೇ ಕಾರಿನ ಸಂಘದ ಕಾರ್ಯದರ್ಶಿ ಪ್ರಾಕ್ಟರ್ ಬಂದದ್ದು ಕಪ್ಪನ್ನು ಹಿಂದಕ್ಕೆ ಒಯ್ಯಲು. ಬಂದ ಕೆಲಸ ಹೇಳಲು ನಾಚಿ ಒಂದು ಗಂಟೆ ಹವಾಮಾನ ಮಾತಾಡಿದರು, ಎರಡು ತುಂಡು ಪೈ ತಿಂದರು, ಕೋಸು ಹೇಗಿದೆ ಎಂದು ಕೇಳಿದರು. ಕೊನೆಗೆ ಡೋರೀನ್ ತಾವೇ ಕ್ಲಿಪ್ಪುಗಳನ್ನು ಮೇಜಿನ ಮೇಲೆ ಸುರಿದು ಕಪ್ಪನ್ನು ಅವರ ಕೈಗೆ ಕೊಟ್ಟರು.

“ಕ್ಷಮಿಸ್ಬೇಕು ಮೆಟ್ಕಾಫ್,” ಎಂದು ಪ್ರಾಕ್ಟರ್ ಬಾಗಿಲಲ್ಲಿ ನಾಲ್ಕು ಸಲ ಅಂದರು.

“ಇಲ್ಲ, ನೀವೇ ನನ್ನ ಕ್ಷಮಿಸ್ಬೇಕು,” ಎಂದು ಮೆಟ್ಕಾಫರು ಐದು ಸಲ ಅಂದರು.

ಬಾಗಿಲು ಹಾಕಿದ ಮೇಲೆ ಡೋರೀನ್ ಗಂಡನ ಎದುರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಕ್ಲಿಫರ್ಡ್. ಕ್ರಿಸ್ಮಸ್ಸಿಗೆ ಒಂದು ಉಡುಗೊರೆಗೆ ಕಾಗದ ಸುತ್ತು ಅಂದ್ರೆ ಬೆರಳಿಗೆಲ್ಲ ಟೇಪು ಅಂಟಿಸ್ಕೊಂಡು ‘ಡೋರೀನ್, ಬಿಡಿಸು’ ಅಂತೀಯ. ನೀನು ಹನ್ನೊಂದು ಸುರುಳಿ ಪ್ಲಾಸ್ಟರ್ ಸುತ್ತಿದೀಯ. ಅದೂ ನೀಟಾಗಿ. ಹೌದಾ?”

ಮೆಟ್ಕಾಫರು ಚಾವಣಿ ನೋಡಿದರು.

“ಕಾರು ಮಾರಿದ್ದು ಯಾರು ಅಂತ ನಂಗೂ ಗೊತ್ತಪ್ಪ,” ಅಂದರು ಡೋರೀನ್. ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಇದ್ದ ಪೈಗಳಲ್ಲೆಲ್ಲ ದೊಡ್ಡದನ್ನು ಕತ್ತರಿಸಿ ಅವರ ತಟ್ಟೆಗೆ ಹಾಕಿ, ಮತ್ತೆ ಆ ಮಾತೆತ್ತಲಿಲ್ಲ. ಮೂವತ್ತೈದು ವರ್ಷದಲ್ಲಿ ಆ ಕಾರಿನ ವಿಷಯಕ್ಕೆ ಆಕೆ ಗಂಡನನ್ನು ಮೆಚ್ಚಿಕೊಂಡದ್ದು ಅದೇ ಮೊದಲು.

ಆಶ್ರಮದ ಮಿಸೆಸ್ ಟೆನೆಂಟರು ಮಾತ್ರ ಪೈ ಕಳಿಸಲಿಲ್ಲ, ಫೋನು ಮಾಡಿದರು. “ನಾನೂ ಓದಿದೆ. ಶುಕ್ರವಾರ ಸಂಜೆಯೊಳಗೆ ಪಾಸಾದ ಕಾಗದ ಬರದಿದ್ರೆ ಸಿಸ್ಟರಿಗೆ ನಾನೇ ಹೇಳ್ತೀನಿ, ಕಾರು ಇಲ್ಲ ಅಂತ. ಸೋಮವಾರದಿಂದ ದಿನಕ್ಕೆರಡು ಸಲ ಅವರು ಕೋಟು ತೆಗೆಸಿ ನೋಡಿದಾರೆ, ಮೆಟ್ಕಾಫ್ ಅವರೇ. ಶನಿವಾರಕ್ಕೆ ಹಾಕ್ಕೊಳೋಕೆ.”

ಮೆಟ್ಕಾಫರು ಗ್ಯಾರೇಜಿಗೆ ನಡೆದರು. ಅಲ್ಲಿ ಅವರ ಕಾರು ಚಕ್ರವಿಲ್ಲದೆ ಕಂಬಗಳ ಮೇಲೆ ಕುಳಿತಿತ್ತು.

“ವೆಲ್ಡಿಂಗ್ ಮಾಡದೆ ಏನಾದ್ರೂ…” ಎಂದು ಶುರುಮಾಡಿದರು.

“ಇಲ್ಲ,” ಅಂದ ಆ್ಯಂಡ್ರೂ.

ಮೆಟ್ಕಾಫರು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ಬರುವ ಫೆಬ್ರುವರಿಯಲ್ಲಿ ಹೇಳಲು ಏನೂ ಉಳಿಯುವುದಿಲ್ಲ. ಊರವರಿಗೆ ಬರೀ ಕೇಕು ತಿನ್ನಿಸಿ ಕಳಿಸಬೇಕು. ನಿಜಕ್ಕೂ ಅವರಿಗೆ ಅಳು ಬಂತು.

“ಮಾಡಪ್ಪ,” ಅಂದರು. “ಶುಕ್ರವಾರದೊಳಗೆ ಮುಗಿಸು.”

ಆ್ಯಂಡ್ರೂ ಪ್ಲಾಸ್ಟರನ್ನು ಉಳಿ ಹಿಡಿದು ಬಿಡಿಸಿದ. ಅದು ಒಡೆಯದೆ ಆರಡಿ ಉದ್ದದ ಒಂದೇ ಕೊರಡಾಗಿ ಬಂತು. ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟ. ಪ್ಲಾಸ್ಟರ್ ಕಂಡ ಮೇಲೆ ಅದರ ಮೇಲೆ ಹೆಸರು ಬರೆಯದೆ ಹೋಗುವುದು ಈ ದೇಶದವರ ಕೈಲಾಗದ ಕೆಲಸ. ಬುಧವಾರ ಪೆಟ್ರೋಲು ಹಾಕಿಸಲು ಬಂದ ಯಾರೋ ‘ಬೇಗ ಗುಣವಾಗು’ ಎಂದು ಬರೆದರು. ಗುರುವಾರದ ಹೊತ್ತಿಗೆ ಪಾದ್ರಿಗಳು, ಅಂಚೆಯಣ್ಣ, ಬೆರಿಲ್, ಶಾಲೆಯ ಒಂದಿಡೀ ತರಗತಿ ಸಹಿ ಹಾಕಿಯಾಗಿತ್ತು. ಪ್ರಾಕ್ಟರ್ ತುದಿಯಲ್ಲಿ ಸಣ್ಣಕ್ಷರದಲ್ಲಿ ‘ಕ್ಷಮಿಸಿ’ ಎಂದು ಬರೆದಿದ್ದರು.

ಶುಕ್ರವಾರ ಸಂಜೆ ನಾಲ್ಕೂಮುಕ್ಕಾಲಿಗೆ ಕಾರು ಪಾಸಾಯಿತು. ಮೆಟ್ಕಾಫರು ಕಾಗದದ ಎರಡು ಪ್ರತಿಗಳನ್ನು ಮಿಸೆಸ್ ಟೆನೆಂಟರ ಮೇಜಿನ ಮೇಲಿಟ್ಟರು. ಆಕೆ ಹಿಂದೆಮುಂದೆ ತಿರುಗಿಸಿ ಓದಿ, ಒಂದನ್ನು ಫೈಲಿಗೆ ಹಾಕಿ, ಮೊದಲ ಬಾರಿಗೆ ನಕ್ಕರು.

ಶನಿವಾರ ಹತ್ತು ಗಂಟೆಗೆ ಆಶ್ರಮದ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಹಿತ್ತಾಳೆ ವಾದ್ಯದವರೂ ಬಂದಿದ್ದರು. ಸಿಸ್ಟರ್ ಕಾಪ್ಲಿ ನೀಲಿ ಕೋಟು ತೊಟ್ಟು ಗಾಲಿಕುರ್ಚಿಯಲ್ಲಿ ಹೊರಬಂದರು. ಕುರ್ಚಿಯನ್ನು ಕಾರಿನ ಎಡಬಾಗಿಲ ಹತ್ತಿರ ನಿಲ್ಲಿಸಿದ್ದೇ ಆಕೆ ಬಗ್ಗಿ, ಬಾಗಿಲ ಕೆಳಗಿನ ಹೊಸ ತಗಡನ್ನು ಬೆರಳಿನಿಂದ ತಟ್ಟಿದರು. ಟಣ್ ಎಂದಿತು.

“ಕ್ಲಿಫರ್ಡ್!” ಅಂದರು. ನಲವತ್ತು ವರ್ಷ ಕಣಿವೆಯನ್ನು ಹಾಸಿಗೆಯಿಂದೆಬ್ಬಿಸಿದ ದನಿ ಅದು, ವಾದ್ಯ ನಿಂತಿತು. “ಇಲ್ಲಿ ನಾನು ಹಾಕಿದ್ದ ಕಟ್ಟು ಏನಾಯ್ತು?”

ಮೆಟ್ಕಾಫರು ಅವಸರದಿಂದ ಕಾರಿನ ಬಾಗಿಲು ತೆರೆದರು. “ಯಾವ ಕಟ್ಟು ಸಿಸ್ಟರ್? ನಿಮಗೇನೋ ಮರೆವು… ಅದು ನಾನು ಹಾಕಿದ್ದು… ಹತ್ತಿ, ಹತ್ತಿ, ಗಾಳಿ ಬೀಸ್ತಾ ಇದೆ.”

“ಮರೆವಂತೆ! ಹನ್ನೊಂದು ಸುರುಳಿ ಸುತ್ತಿದೀನಿ, ನನ್ನ ಕೈಯಾರೆ!”

“ಅಂದ್ರೆ ಸಿಸ್ಟರ್, ಕಟ್ಟು ಹಾಕಿದ್ದು ನೀವಾ?” ಬೆರಿಲ್ ಮುಂದೆ ನುಗ್ಗಿ ಬಂದರು.

“ನಾನಲ್ದೆ ಇವನಾ? ಇವನ ಷೂ ಲೇಸು ನೋಡು, ಇವತ್ತೂ ಬಿಚ್ಚಿದೆ. ಕಾರು ಕೊಡೋವಾಗ ಬಾಯಿ ಬಿಟ್ಟು ಹೇಳಿದೀನಿ: ಕ್ಲಿಫರ್ಡ್, ಎಡಗಡೆ ಕಟ್ಟು ಹಾಕಿದೆ, ಆರು ವಾರ ಅಷ್ಟೇ, ಆಮೇಲೆ ಬಿಚ್ಚಿಸಿ ರಿಪೇರಿ ಮಾಡಿಸು ಅಂತ. ಆರು ವಾರ! ಇವನು ಕೇಳಿಸ್ಕೊಂಡ್ರೆ ತಾನೆ? ಕಾರನ್ನ ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದ್ದ. ಮೂವತ್ತೈದು ವರ್ಷ ಕಟ್ಟು ಹಾಕ್ಕೊಂಡೇ ಓಡಾಡಿದಾನೆ! ನನ್ನ ಜನ್ಮದಲ್ಲಿ ಇಂಥಾ ರೋಗೀನ ಕಂಡಿಲ್ಲ.”

ಮೊದಲು ನಕ್ಕದ್ದು ಆ್ಯಂಡ್ರೂ. ಆಮೇಲೆ ಅಂಗಳವೇ ನಕ್ಕಿತು. ಹೊಟ್ಟೆ ಹಿಡಿದುಕೊಂಡು, ಪಕ್ಕದವರ ಹೆಗಲಿಗೆ ಒರಗಿಕೊಂಡು ನಕ್ಕರು. ಪ್ರಾಕ್ಟರ್ ಬಂದು ಮೆಟ್ಕಾಫರ ಕೈ ಕುಲುಕಿ, “ಅಂದ್ರೆ ನಿಮಗೆ ಗೊತ್ತೇ ಇರಲಿಲ್ಲ! ಎಷ್ಟು ಸಂತೋಷ ಆಯ್ತು!” ಎಂದು ಕಣ್ಣೊರೆಸಿಕೊಂಡರು. ಬೆರಿಲ್, “ಅಯ್ಯೋ ಪೆದ್ದಪ್ಪಾ,” ಎಂದು ಕೆನ್ನೆಗೊಂದು ಮುತ್ತಿಟ್ಟರು. ನಗದೆ ನಿಂತವರು ಡೋರೀನ್ ಒಬ್ಬರೇ. ಆಕೆ ಸಿಸ್ಟರ್ ಕಾಪ್ಲಿಯವರನ್ನೇ ನೋಡುತ್ತಿದ್ದರು.

ಕಾರು ಗುಡ್ಡ ಹತ್ತಿತು. ಎರಡೂ ಕಡೆ ಕಲ್ಲಿನ ಗೋಡೆ, ಗೋಡೆಯಾಚೆ ಕುರಿಗಳು. ಸಿಸ್ಟರ್ ಕಾಪ್ಲಿ ಕಿಟಕಿಯ ಗಾಜು ಇಳಿಸಿ, ಒಂದೊಂದು ಹೊಲಮನೆ ಬಂದಾಗಲೂ ಬೆರಳು ತೋರಿಸಿ ಯಾರಿಗೆ ಏನಾಗಿತ್ತೆಂದು ಹೇಳುತ್ತಿದ್ದರು: ಇಲ್ಲಿ ಅವಳಿ, ಇಲ್ಲಿ ದಡಾರ, ಇಲ್ಲಿ ಮುದುಕ ಟಗರಿನಿಂದ ಗುದ್ದಿಸಿಕೊಂಡ. ಮೆಟ್ಕಾಫರು ಹೂಂಗುಟ್ಟುತ್ತಾ ತಡೆದು ತಡೆದು ಕೊನೆಗೆ ಕೇಳಿದರು:

“ಸಿಸ್ಟರ್, ಆರು ವಾರ ಅಂತ ನೀವು ಹೇಳಿದ್ದು ನಂಗೆ ಎಷ್ಟು ಯೋಚಿಸಿದ್ರೂ ನೆನಪಿಗೆ ಬರ್ತಾ ಇಲ್ಲ. ನನ್ನ ಕಿವಿ ಎಲ್ಲಿತ್ತೋ ಏನೋ.”

“ಹೇಳಿದ್ರೆ ತಾನೆ ನೆನಪಿಗೆ ಬರೋದು.”

ಮೆಟ್ಕಾಫರು ಗೋಡೆಯ ಪಕ್ಕಕ್ಕೆ ಕಾರು ನಿಲ್ಲಿಸಿದರು.

“ಹೇಳ್ಬೇಕು ಅಂತಾನೇ ಇದ್ದೆ,” ಅಂದರು ಸಿಸ್ಟರ್. ಅಂಗಳದಲ್ಲಿದ್ದ ಆ ಗಟ್ಟಿ ದನಿ ಈಗ ಎಲ್ಲೋ ಹೋಗಿತ್ತು. “ನೀನು ಬಂದೆ, ಮೂರು ಸಲ ಕಾರಿನ ಸುತ್ತ ನಡೆದೆ, ‘ಒಂದು ಕಲೆ ಇಲ್ಲ ಸಿಸ್ಟರ್’ ಅಂತ ಕಣ್ಣಲ್ಲಿ ನೀರು ತಂದ್ಕೊಂಡೆ. ನನ್ನ ಬಾಯಿ ಕಟ್ಟಿಹೋಯ್ತು. ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ನಿನ್ನ ಭಾಷಣ ಶುರುವಾಯ್ತು. ಎಲ್ಲಾ ವರ್ಷಾನೂ ಬಂದು ಕೂತು ಕೇಳಿದೀನಿ ಕ್ಲಿಫರ್ಡ್. ಆ ಕೇಕು ಒಂದು ದಿನಾನೂ ಗಂಟಲಲ್ಲಿ ಇಳೀಲಿಲ್ಲ.”

ಮೆಟ್ಕಾಫರು ಎಂಜಿನ್ ಆರಿಸಿದರು.

“ನೀನು ತಪ್ಪನ್ನ ನಿನ್ನ ಮೈಮೇಲೆ ಹಾಕ್ಕೊಂಡಿದೀಯ ಅಂತ ಗುರುವಾರ ಮಿಸೆಸ್ ಟೆನೆಂಟ್ ಹೇಳಿದ್ಲು. ನಿಜ ಹೇಳಿದ್ರೆ ನಾನು ಮೋಸಗಾತಿ. ಹೇಳದೆ ಇದ್ರೆ ನೀನು ಮೋಸಗಾರ. ಎರಡು ದಿನ ಯೋಚಿಸಿದೆ. ನಂಗೆ ತೊಂಬತ್ತೈದು, ಊರಿಗೆಲ್ಲ ಮುಖ ತೋರಿಸೋ ಧೈರ್ಯ ಬರಲಿಲ್ಲ. ಅದಕ್ಕೇ ನಿನ್ನ ದಡ್ಡ ಮಾಡ್ಬಿಟ್ಟೆ.” ಆಕೆ ಅವರ ತೋಳು ಹಿಡಿದರು. “ತಪ್ಪಾಯ್ತೇನಪ್ಪ?”

ಮೆಟ್ಕಾಫರು ಪ್ರಾಮಾಣಿಕವಾಗಿ ಯೋಚನೆ ಮಾಡಿದರು.

“ಇಲ್ಲ ಬಿಡಿ ಸಿಸ್ಟರ್,” ಅಂದರು. “ಮೋಸಗಾರ ಅಂದಾಗ ಊರಿಗೆ ನನ್ನ ಮುಖ ನೋಡೋಕೆ ಕಷ್ಟ ಆಗ್ತಿತ್ತು. ದಡ್ಡ ಅಂದ ತಕ್ಷಣ ನೋಡಿ, ಎಲ್ಲರಿಗೂ ಎಷ್ಟು ನೆಮ್ಮದಿ ಆಯ್ತು.”

ಸಿಸ್ಟರ್ ಕಾಪ್ಲಿ ನಕ್ಕರು. ನಗುತ್ತಾ ನಗುತ್ತಾ ಅತ್ತರು. ಅಳು ಮುಗಿದ ಮೇಲೆ ಕರವಸ್ತ್ರವನ್ನು ಮಡಚಿ, ಮೂಲೆ ಒಳಗೆ ಸೇರಿಸಿ, ಕೋಟಿನ ಜೇಬಿಗೆ ಹಾಕಿಕೊಂಡು, ಮುಂದಿನ ರಸ್ತೆಗೆ ಬೆರಳು ತೋರಿಸಿದರು.

“ನಡಿ. ಇನ್ನೂ ಒಂಬತ್ತು ಮನೆ ಇದೆ.”